38 ಸಾವಿರ ಫೋಟೋಗೆ ಊರ ಹೆಸರು ಹಚ್ಚಿದ ಕಥೆ

"ಭಾವಾ, ನಿಮ್ಮ ಕಾಡಲ್ಲಿ ಜಿಪಿಎಸ್ಸೇ ಸರಿಯಾಗಿ ಸಿಗಲ್ಲ, ಫೋಟೋಗೆ ತಾನಾಗೇ ಊರ ಹೆಸರು ಬೀಳೋದು ಆಗೋ ಮಾತಲ್ಲ, ಯಾರಾದರೂ ಹುಡುಗನ್ನ ಕೂರಿಸಿ ಕೈಯಲ್ಲೇ ಹಾಕಿಸಿ" ಅಂದಿದ್ದ ನನ್ನ ಬಾಮೈದ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ, ಅವನ ಮಾತಿಗೆ ಮನೆಯಲ್ಲಿ ತೂಕ ಜಾಸ್ತಿ. ಹುಡುಗನ್ನೂ ಕೇಳಿದೆ, ಫೋಟೋಗೆ ಒಂದು ರೂಪಾಯಿ ಅಂದ. ಹತ್ತು ವರ್ಷದ ಫೋಟೋ, ಹತ್ತಿರ ಹತ್ತಿರ 38 ಸಾವಿರ. ಅಷ್ಟು ದುಡ್ಡು ಕೊಟ್ಟರೂ ಯಾವುದು ಹೊಸನಗರದ ಕಾಡು, ಯಾವುದು ತೀರ್ಥಹಳ್ಳಿಯ ಕಾಡು ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ತೆಗೆದ ನನಗೇ ಗೊತ್ತಾಗಲ್ಲ. ಈಗ ನೂರಕ್ಕೆ ತೊಂಬತ್ತು ಫೋಟೋಗೆ ಹೆಸರು ತಾನಾಗೇ ಸರಿಯಾಗಿ ಬೀಳುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಕಳೆದದ್ದು ಹೇಳಿಬಿಡುತ್ತೇನೆ. ಐದೂವರೆ ಸಾವಿರ ಕೊಟ್ಟು, ಹೋದ ದಾರಿ ಬರೆದಿಟ್ಟುಕೊಳ್ಳುವ ಒಂದು ಜಿಪಿಎಸ್ ಲಾಗರ್ ತಂದೆ. ಆಗುಂಬೆಯ ಒಂದೇ ಆಷಾಢಕ್ಕೆ ಒಳಗೆ ನೀರು ಹೋಗಿ ಸತ್ತಿತು. ಆಮೇಲೆ ಅಕ್ಷಾಂಶ ರೇಖಾಂಶ ಕೊಟ್ಟರೆ ಊರ ಹೆಸರು ಹೇಳುವ ದುಡ್ಡಿನ ಸೇವೆಯೊಂದನ್ನು ಹಿಡಿದೆ. ಸ್ಕ್ರಿಪ್ಟ್, ಅಂದರೆ ನನ್ನ ಪುಟ್ಟ ಪ್ರೋಗ್ರಾಂ, ತಪ್ಪಿ ಒಂದೇ ಫೋಟೋವನ್ನು ಮತ್ತೆ ಮತ್ತೆ ಕೇಳುತ್ತಾ ಕೂತಿತ್ತು, ರಾತ್ರಿ ಮಲಗಿ ಬೆಳಗ್ಗೆ ಎದ್ದರೆ ನಾಲ್ಕು ಸಾವಿರದ ಹತ್ತಿರ ಬಿಲ್ಲು. ತಪ್ಪು ನನ್ನದೇ. ಆದರೆ ಅಷ್ಟು ಕೊಟ್ಟ ಮೇಲೂ ಆಗುಂಬೆಯ ಸೂರ್ಯಾಸ್ತದ ಫೋಟೋಗೆಲ್ಲ ಘಟ್ಟದ ಕೆಳಗಿನ ಸೋಮೇಶ್ವರ ಅಂತ ಬಂದಿತ್ತು, ಜಿಲ್ಲೆಯೇ ಬೇರೆ! ಅದನ್ನ ನೋಡದೆ ಕಳಿಸಿ ಒಂದು ಕ್ಯಾಲೆಂಡರ್ ಆರ್ಡರ್ ಹೋಯಿತು. ಹನ್ನೆರಡು ಸಾವಿರದ್ದು.

ಈಗ ಹಳೇ ಫೋನೇ ಲಾಗರ್. ಐದು ಸೆಕೆಂಡಿಗೊಂದು ಪಾಯಿಂಟ್. ಚೀಲದೊಳಗೆ ಇಟ್ಟರೆ ಮರದ ಕೆಳಗೆ ಟ್ರ್ಯಾಕ್, ಅಂದರೆ ದಾಖಲಾದ ದಾರಿ, ಹುಚ್ಚೆದ್ದು ಕುಣಿಯುತ್ತದೆ. ಪ್ಲಾಸ್ಟಿಕ್ ಕವರಿಗೆ ಹಾಕಿ ಹೆಗಲ ಪಟ್ಟಿಗೆ ಕಟ್ಟಿಕೊಂಡ ಮೇಲೆ ಅರ್ಧ ಕಾಟ ಕಮ್ಮಿಯಾಯಿತು. ಆ ಟ್ರ್ಯಾಕ್ ಇರುವ ಜಿಪಿಎಕ್ಸ್ ಫೈಲನ್ನು ಸಮಯ ನೋಡಿ ಫೋಟೋಗೆ ಜೋಡಿಸೋದು ಎಕ್ಸಿಫ್‌ಟೂಲ್ ಅನ್ನುವ ಪ್ರೋಗ್ರಾಂ. ನಾನು ಬಿದ್ದದ್ದು ಎರಡು ಕಡೆ. ಒಂದು, ಕ್ಯಾಮೆರಾ ಗಡಿಯಾರ ಏಳು ನಿಮಿಷ ಹಿಂದೆ ಇತ್ತು. ಏಳು ನಿಮಿಷ ಏನು ಮಹಾ ಅಂತೀರಾ? ಜೀಪಲ್ಲಿ ಹೋಗುತ್ತಾ ತೆಗೆದರೆ ನಾಲ್ಕೈದು ಕಿಲೋಮೀಟರ್, ನಮ್ಮ ಕಡೆ ಅಷ್ಟರಲ್ಲಿ ಮೂರು ಊರು ದಾಟಿರುತ್ತೀರಿ. ಈಗ ಎರಡು ಗಡಿಯಾರದ ವ್ಯತ್ಯಾಸ ತಿಳಿಯೋಕೆ ಹೊರಡುವಾಗ ಫೋನಿನ ಗಡಿಯಾರದ್ದೊಂದು, ವಾಪಸ್ ಬಂದಾಗ ಇನ್ನೊಂದು ಫೋಟೋ ಹೊಡೆಯುತ್ತೇನೆ. ಇನ್ನೊಂದು, ಟ್ರ್ಯಾಕ್ ನಡುವೆ ತುಂಡಾದರೆ ಆ ಟೂಲು ಎರಡು ತುದಿಗೆ ನೇರ ಗೆರೆ ಎಳೆದು ಜಾಗ ಊಹಿಸುತ್ತದೆ, ಸೆಟ್ಟಿಂಗ್ ಮುಟ್ಟದೆ ಬಿಟ್ಟರೆ 1800 ಸೆಕೆಂಡು ಖಾಲಿ ಇದ್ದರೂ. ಹಿನ್ನೀರು ಸುತ್ತಿ ಹೋಗುವ ರಸ್ತೆಯಲ್ಲಿ ತೆಗೆದ ನನ್ನ ಫೋಟೋಗಳು ಪೂರ್ತಿ ನೀರಿನ ಮಧ್ಯೆ ಹೋಗಿ ಕೂತಿದ್ದವು. ಆ ಮಿತಿಯನ್ನು 120 ಸೆಕೆಂಡಿಗೆ ಇಳಿಸಿದೆ. ಟ್ಯಾಗ್ ಇಲ್ಲದ ಫೋಟೋ ಪರವಾಗಿಲ್ಲ, ಸುಳ್ಳು ಟ್ಯಾಗ್ ಬೇಡ.

ಊರ ಹೆಸರಿನ ವಿಷಯಕ್ಕೆ ಬಂದರೆ, ಮ್ಯಾಪಿನಲ್ಲಿ ಹತ್ತಿರದ ಊರಿನ ಪಾಯಿಂಟ್ ಹುಡುಕೋದು ಬಯಲುಸೀಮೆಗೆ ಸರಿ. ಮಲೆನಾಡಲ್ಲಿ ಊರು ಅಂದರೆ ಗುಡ್ಡಕ್ಕೊಂದು ಮನೆ, ಮನೆಗೊಂದು ತೋಟ. ಊರ ಹೆಸರು ಹೇಳುವ ಬಿಟ್ಟಿ ಸೇವೆ ನಾಮಿನಾಟಿಮ್‌ಗೂ ಹೋದೆ, ಸೆಕೆಂಡಿಗೆ ಒಂದಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ, ಹತ್ತು ಗಂಟೆ ಮೇಲೆ ಓಡಿತು. ಕನ್ನಡದಲ್ಲಿ ಕೇಳಿದರೆ ಹೆಸರು ಇದ್ದಲ್ಲಿ ಕನ್ನಡ, ಇಲ್ಲದಲ್ಲಿ ಇಂಗ್ಲಿಷ್, ಕಲಸು ಮೇಲೋಗರ. ಕೊನೆಗೆ ಕ್ಯೂಜಿಐಎಸ್ ಅನ್ನುವ ಮ್ಯಾಪ್ ಸಾಫ್ಟ್‌ವೇರಲ್ಲಿ ಗ್ರಾಮದ ಗಡಿ ಹಾಕಿ ಪಾಯಿಂಟ್ ಯಾವ ಗಡಿಯೊಳಗೆ ಬೀಳುತ್ತದೆ ಅಂತ ನೋಡಿದೆ, ಅದರ ಮೇಲೆ ನಾನೇ ಬರೆದ ಪಟ್ಟಿ. ಬಸ್ ಕಂಡಕ್ಟರು, ತೋಟದವರು ಬಾಯಲ್ಲಿ ಹೇಳುವ ಹೆಸರುಗಳು, ಸುಮಾರು 600. ದಾಖಲೆಯ ಹೆಸರು ಒಂದು, ಜನ ಕರೆಯೋದು ಇನ್ನೊಂದು, ಅಲ್ವಾ? ಪಟ್ಟಿಯ ಪ್ರತಿ ಹೆಸರಿಗೂ, ಇಷ್ಟು ದೂರದವರೆಗೆ ಇದೇ ಹೆಸರು ಅಂತ, ಬೇರೆ ಬೇರೆ ಸುತ್ತಳತೆ ಇದೆ. ಅದನ್ನ ಹೇಗೆ ಗೊತ್ತು ಮಾಡಿದೆ ಅಂತ ಇಲ್ಲಿ ಹೇಳಲ್ಲ, ಎರಡು ಮಳೆಗಾಲ ಹಿಡಿದಿದೆ. ಘಟ್ಟದ ಮೇಲೆ ಕೆಳಗೆ ಬೇರೆ ಮಾಡೋಕೆ ಎತ್ತರ ಬಳಸಿದೆ ಅಂತ ಮಾತ್ರ ಹೇಳಬಲ್ಲೆ.

ಇದರ ನಡುವೆ ಒಂದು ಹುಚ್ಚು. ಎಸ್‌ಆರ್‌ಟಿಎಂ ಅನ್ನುವ ನೆಲದ ಎತ್ತರದ ಡೇಟಾ ಇಳಿಸಿಕೊಂಡು ಫೋಟೋ ತೆಗೆದ ಜಾಗದ ಮಳೆನೀರು ಯಾವ ಸಮುದ್ರಕ್ಕೆ ಹೋಗುತ್ತದೆ ಅಂತಲೂ ಲೇಬಲ್ ಹಾಕಿದೆ. ತೀರ್ಥಹಳ್ಳಿ ತಾಲೂಕು ಒಂದರಲ್ಲೇ ಎರಡೂ ಇದೆ. ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊನ್ನಾವರದಲ್ಲಿ ಪಶ್ಚಿಮದ ಕಡಲು ಸೇರುತ್ತಾಳೆ, ಪೇಟೆ ಪಕ್ಕದ ತುಂಗೆ ಭದ್ರೆಯ ಜೊತೆಗೂಡಿ ಕೃಷ್ಣೆ ಸೇರಿ ಪೂರ್ವಕ್ಕೆ. ಯಾರೂ ಕೇಳಿಲ್ಲ, ಕಾಸೂ ಹುಟ್ಟಿಲ್ಲ, ಒಂದು ವಾರ ಮಾತ್ರ ಖುಷಿಯಾಗಿ ಹೋಯಿತು.

ಕನ್ನಡದಲ್ಲೇ ಹೆಸರು ಬರೆಯುವವರಿಗೆ ಒಂದು ಮಾತು. ಫೋಟೋ ಫೈಲಿನೊಳಗೆ ಮಾಹಿತಿ ಬರೆಯುವ ಹಳೇ ಪದ್ಧತಿ ಐಪಿಟಿಸಿಯಲ್ಲಿ ಊರ ಹೆಸರಿಗೆ ಇರುವ ಜಾಗ 32 ಬೈಟ್ ಮಾತ್ರ. ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಗುರುತಿಗೂ, ಒತ್ತಕ್ಷರ ಕೂಡಿಸುವ ಗುರುತಿಗೂ ಮೂರು ಬೈಟ್. ತೀರ್ಥಹಳ್ಳಿ 30ರಲ್ಲಿ ಮುಗಿಯುತ್ತದೆ. ಅಂಬಾರಗೋಡ್ಲು 33, ಅದಕ್ಕೇ ನನ್ನ ಲಾಂಚಿನ ಫೋಟೋಗಳಲ್ಲೆಲ್ಲ ಕೊನೆಯ ಕೊಂಬು ಹಾರಿಹೋಗಿ "ಅಂಬಾರಗೋಡ್ಲ" ಆಗಿತ್ತು. ನಾನು ಟೈಪಿಂಗ್ ತಪ್ಪು ಅಂತ ಮೂರು ದಿನ ಪಟ್ಟಿ ಹುಡುಕಿದೆ. ಅದರ ನಂತರದ ಪದ್ಧತಿ ಎಕ್ಸ್‌ಎಂಪಿಯಲ್ಲಿ ಬರೆಯಿರಿ, ಅಲ್ಲಿ ಆ ಕಾಟ ಇಲ್ಲ.

ನೂರಕ್ಕೆ ಸರಿಯಾಗದೆ ಉಳಿದ ಹತ್ತರಲ್ಲಿ ಜಾಸ್ತಿ ಹಿನ್ನೀರಿನವೇ, ನೀರಿಗೆ ಊರು ಯಾವುದು ಅಂತ ಕೊಡೋದು? ಸದ್ಯಕ್ಕೆ "ಶರಾವತಿ ಹಿನ್ನೀರು" ಅಂತಷ್ಟೇ ಹಾಕಿದ್ದೇನೆ. ಮೊನ್ನೆ ಬಾಮೈದ ತನ್ನ ಎರಡು ವರ್ಷದ ಟ್ರಿಪ್ಪಿನ ಫೋಟೋ ಪೆನ್‌ಡ್ರೈವಲ್ಲಿ ತಂದುಕೊಟ್ಟು "ಭಾವಾ, ಇದಕ್ಕೂ ಒಂಚೂರು ಹಾಕ್ಕೊಡಿ" ಅಂದ. ಫೋಟೋಗೆ ಒಂದು ರೂಪಾಯಿ ಹೇಳಿದ್ದೇನೆ.