ಹಳೆಯ ಆಪರೇಷನ್ ಜಾಗದಲ್ಲಿ ನೀರುಗುಳ್ಳೆ: ದುಗ್ಧನಾಳದ್ದೇ ಎಂದು ಗುರುತಿಸುವುದು ಹೇಗೆ

ಸ್ತನ ಕ್ಯಾನ್ಸರ್‌ಗೆ ಆಪರೇಷನ್, ರೇಡಿಯೇಷನ್ ಆಗಿ ವರ್ಷಗಳು ಕಳೆದ ಮೇಲೆ ಅದೇ ಬದಿಯ ಕಂಕುಳಲ್ಲಿ ನೀರುಗುಳ್ಳೆಗಳು ಗುಂಪುಗಟ್ಟಿದರೆ ಮೊದಲು ಅನುಮಾನಿಸಬೇಕಾದದ್ದು ದುಗ್ಧನಾಳವನ್ನು, ಅಂದರೆ ಹಾಲಿನ ನಾಳವನ್ನಲ್ಲ, ಅಂಗಾಂಶಗಳ ದ್ರವವನ್ನು (ದುಗ್ಧರಸ, ಲಿಂಫ್) ಸಾಗಿಸುವ ನಾಳವನ್ನು. ಆಳದ ನಾಳಗಳು ಕಡಿದುಹೋದರೆ ಅಥವಾ ಕಲೆಗಟ್ಟಿ ಮುಚ್ಚಿಕೊಂಡರೆ, ದುಗ್ಧರಸ ಮುಂದೆ ಹರಿಯಲಾಗದೆ ಚರ್ಮದ ಮೇಲ್ಭಾಗದ ನಾಳಗಳನ್ನು ಉಬ್ಬಿಸುತ್ತದೆ. ವೈದ್ಯರು ಇದನ್ನು ಲಿಂಫಾಂಜಿಯೆಕ್ಟೇಸಿಯಾ ಎನ್ನುತ್ತಾರೆ.

ಪತ್ತೆಯ ಅರ್ಧ ಕೆಲಸ ವಿಚಾರಿಸುವುದರಲ್ಲೇ ಮುಗಿಯುತ್ತದೆ. ಗುಳ್ಳೆ ಜನನಾಂಗದ ಭಾಗದಲ್ಲಿದ್ದರೆ ಗರ್ಭಕೊರಳಿನ ಕ್ಯಾನ್ಸರ್ ಚಿಕಿತ್ಸೆ, ತೊಡೆಸಂದಿಯ ಗ್ರಂಥಿಗಳ ಕ್ಷಯ, ಆನೆಕಾಲು ರೋಗ, ಕ್ರೋನ್ಸ್ ಕಾಯಿಲೆ (ಕರುಳಿನ ದೀರ್ಘಕಾಲದ ಉರಿಯೂತ) ಇವುಗಳನ್ನು ರೋಗಿಯ ಬಳಿ ಒಂದೊಂದಾಗಿ ಕೇಳಿ. ದುಗ್ಧರಸ ನಿಂತು ಆಗುವ ಬಾವು ಇಲ್ಲವೆಂದು ತಳ್ಳಿಹಾಕಬೇಡಿ. ಬಾವಿಲ್ಲದೆಯೂ ಗುಳ್ಳೆ ಬರುತ್ತದೆ.

ಗುಳ್ಳೆಗಳು ಸಾಮಾನ್ಯವಾಗಿ 2–5 ಮಿ.ಮೀ. ಇದ್ದು, ಕಪ್ಪೆಮೊಟ್ಟೆಗಳಂತೆ ಒತ್ತೊತ್ತಾಗಿರುತ್ತವೆ. ಒಳಗಿನ ದ್ರವ ತಿಳಿಯಾಗಿ, ಹಾಲಿನಂತೆ ಅಥವಾ ರಕ್ತ ಬೆರೆತು ಕೆಂಪಾಗಿ ಇರಬಹುದು. ಹಳೆಯದಾದಂತೆ ಮೇಲ್ಮೈ ಒರಟಾಗುತ್ತದೆ. ಜನನಾಂಗದಲ್ಲಿ ಇದನ್ನು ನರಹುಲಿ ಎಂದುಕೊಂಡು ಸುಡುವ ಎಡವಟ್ಟು ಆಗುವುದು ಇಲ್ಲೇ. ಸರ್ಪಸುತ್ತು ನೋವಿನೊಂದಿಗೆ ಬಂದು ಕೆಲವು ವಾರಗಳಲ್ಲಿ ಒಣಗುತ್ತದೆ, ಇವು ತಿಂಗಳುಗಟ್ಟಲೆ ಉಳಿಯುತ್ತವೆ. ಮೊಲಸ್ಕಮ್ (ವೈರಸ್‌ನಿಂದ ಬರುವ ಚರ್ಮದ ಗುಳ್ಳೆ) ಆದರೆ ನಡುವೆ ಗುಳಿ, ಒಳಗೆ ಬಿಳಿ ಗಟ್ಟಿ ತಿರುಳು. ಮನೆಯಲ್ಲಿ ಚುಚ್ಚಿ ನೋಡುವುದಂತೂ ಬೇಡ: ರಸ ಸೋರುತ್ತಲೇ ಇರುತ್ತದೆ, ಸೋಂಕಿಗೂ ದಾರಿಯಾಗುತ್ತದೆ.

ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪನ್ನು ಜೆಲ್ ಹಚ್ಚಿ, ಒತ್ತದೆ ಇಡಿ. ಒತ್ತಿದರೆ ರಕ್ತನಾಳಗಳು ಮಾಯವಾಗುತ್ತವೆ. ಬಿಳಿಚು ಗೆರೆಗಳು ಬೇರ್ಪಡಿಸಿದ ಹಳದಿ ಕೋಣೆಗಳು ಕಾಣುತ್ತವೆ. ರಕ್ತ ಸೇರಿದ್ದರೆ ಕೆಲವು ಕೋಣೆಗಳಲ್ಲಿ ಅದು ತಳಕ್ಕಿಳಿದು, ಮೇಲೆ ತಿಳಿ ಕೆಳಗೆ ಕೆಂಪು ಎಂದು ಎರಡು ಬಣ್ಣವಾಗಿರುತ್ತದೆ.

ಖಚಿತಪಡಿಸುವುದು ಬಯಾಪ್ಸಿ. 4 ಮಿ.ಮೀ. ಪಂಚ್‌ನಿಂದ (ಚರ್ಮದ ದುಂಡು ತುಣುಕು ಕತ್ತರಿಸುವ ಉಪಕರಣ) ಗುಳ್ಳೆ ಇಡಿಯಾಗಿ, ಕೆಳಗಿನ ಚರ್ಮದ ಸಮೇತ ಬರುವಂತೆ ತೆಗೆದು ತುಣುಕು ಕೆಡದಂತೆ ಇಡುವ 10% ಫಾರ್ಮಲಿನ್ ದ್ರಾವಣಕ್ಕೆ ಹಾಕಿ. ಮೇಲಷ್ಟೇ ಕೆರೆದರೆ ಆಳದಲ್ಲೇನಿದೆ ಎಂದು ಪೆಥಾಲಜಿಸ್ಟ್ ಹೇಳಲಾರರು. ಬಾವಿರುವ ಕೈಕಾಲಲ್ಲಿ ಗಾಯಕ್ಕೆ ಹೊಲಿಗೆ ಹಾಕಿ. ಕೆಂಪಾಗಿ ಜ್ವರ ಬಂದರೆ ಕೂಡಲೇ ಬರಲು ತಿಳಿಸಿ. ಸ್ಲೈಡಿನಲ್ಲಿ ಚಪ್ಪಟೆ ಕೋಶಗಳ ಒಂದೇ ಪದರವಿರುವ ಹಿಗ್ಗಿದ ನಾಳಗಳು ಕಾಣಬೇಕು. ದುಗ್ಧನಾಳದ ಕೋಶಗಳನ್ನು ಗುರುತಿಸುವ ಡಿ2-40 ಬಣ್ಣ ಹಿಡಿದರೆ ಅವು ದುಗ್ಧನಾಳಗಳೇ ಎಂಬುದಕ್ಕೆ ಬಲ ಬರುತ್ತದೆ.

ಕಳಿಸುವ ಚೀಟಿಯಲ್ಲಿ ರೇಡಿಯೇಷನ್ ವಿಷಯ ಬರೆಯಲು ಮರೆಯಬೇಡಿ. ಆಂಜಿಯೋಸಾರ್ಕೋಮಾ ಎಂಬ ಕ್ಯಾನ್ಸರ್ ಇದೇ ಜಾಗದಲ್ಲಿ ಹುಟ್ಟಬಲ್ಲದು. ಮೂಗೇಟಿನಂಥ ನೇರಳೆ ಕಲೆ, ಬೇಗ ಬೆಳೆಯುವ ಗಂಟು, ಕಾರಣವಿಲ್ಲದ ರಕ್ತಸ್ರಾವ ಇದ್ದರೆ ಮೊದಲ ವರದಿ ನಿರಪಾಯ ಎಂದರೂ ಇನ್ನೊಂದು ಕಡೆಯಿಂದ, ಇನ್ನಷ್ಟು ಆಳಕ್ಕೆ ಮತ್ತೆ ಬಯಾಪ್ಸಿ ಮಾಡಿಸಿ.