ಕ್ಲೌನ್ ಮರಿ ಮನೆಯಲ್ಲಿ ಆಗುತ್ತದೆ: ನನ್ನ ಅನುಭವ

"ಮಾರಾಯ್ರೇ, ಅದೆಲ್ಲ ಲ್ಯಾಬಿನವರ ಕೆಲಸ. ಸುಮ್ನೆ ಕರೆಂಟ್ ಬಿಲ್ ಕಟ್ತೀರಿ." ಕ್ಲೌನ್ ಅಂದರೆ ಕಿತ್ತಳೆ ಮೈ, ಬಿಳಿ ಪಟ್ಟಿಯ ಸಮುದ್ರ ಮೀನು. ಅದರ ಮರಿಯನ್ನು ಮನೆಯಲ್ಲೇ ಮಾಡಿಸುತ್ತೇನೆ ಅಂದಾಗ ಮಂಗಳೂರಿನ ನಮ್ಮ ಅಕ್ವೇರಿಯಂ ಬಳಗದಲ್ಲಿ ಎಲ್ಲರದ್ದೂ ಇದೇ ಮಾತು. ಈಗ ಅವರಲ್ಲೇ ಇಬ್ಬರು ನನ್ನಿಂದ ಮರಿ ಒಯ್ದಿದ್ದಾರೆ. ದುಡ್ಡು ಕೊಟ್ಟೇ!

ಹಟ ಹಿಡಿಯಲು ಕಾರಣ ಇತ್ತು. ಸಮುದ್ರದ ಅಕ್ವೇರಿಯಂ ಮೀನುಗಳಲ್ಲಿ ಹೆಚ್ಚಿನವು ಇಂದಿಗೂ ಕಡಲಿಂದ ಹಿಡಿದು ತಂದವೇ. ಕ್ಲೌನ್ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಎರಡನೆಯದು ಅದರ ಗಂಡು. ಹೆಣ್ಣನ್ನು ಹಿಡಿದೊಯ್ದರೆ ಆ ಗಂಡೇ ಹೆಣ್ಣಾಗಬೇಕು, ಕೆಳಗಿನದು ಗಂಡಾಗಬೇಕು. ಅಲ್ಲಿಯವರೆಗೆ ಅಲ್ಲಿ ಮೊಟ್ಟೆ ಇಲ್ಲ. ನಾವೋ ಅಂಗಡಿಗೆ ಹೋಗಿ "ದೊಡ್ಡ ಜೋಡಿ ಕೊಡಿ" ಅನ್ನುತ್ತೇವೆ. ಇನ್ನು ಮೀನಿಗೆ ಮತ್ತು ಬರಿಸಿ ಹಿಡಿಯಲು ನೀರಿಗೆ ಸೈನೈಡ್ ವಿಷ ಬಿಡುವ ಕಥೆ ಬೇರೆ. ಫಿಲಿಪೈನ್ಸ್‌ನಲ್ಲಿ 1960ರ ದಶಕದಿಂದ ಈ ಚಾಳಿ ಇದೆ. ಮೀನಿನ ಜೊತೆ ಹವಳವೂ ಸಾಯುತ್ತದೆ.

ನಾನು ಫಾರ್ಮಿನ ಎರಡು ಸಣ್ಣ ಮರಿ ತಂದು ಒಟ್ಟಿಗೆ ಬಿಟ್ಟೆ. ಒಂದೂವರೆ ವರ್ಷದ ಹತ್ತಿರ ಕಾದೆ. ಮೊಟ್ಟೆ ಇಟ್ಟದ್ದು ಒರಗಿಸಿಟ್ಟ ಮಂಗಳೂರು ಹೆಂಚಿನ ತುಂಡಿನ ಮೇಲೆ. ವಾರ ಕಳೆದು ಮೊಟ್ಟೆಯೊಳಗೆ ಬೆಳ್ಳಿ ಕಣ್ಣು ಹೊಳೆದ ಸಂಜೆ ಹೆಂಚನ್ನೇ ಕಪ್ಪು ಟಬ್ಬಿಗೆ ದಾಟಿಸಿ, ಕೆಳಗೆ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಇಡುತ್ತೇನೆ. ಕತ್ತಲಾದ ಮೇಲೆ ಒಡೆಯುತ್ತವೆ.

ಸಾವು ಶುರುವಾಗುವುದು ಆಮೇಲೆ. ಮೊದಲ ಬ್ಯಾಚುಗಳು ಮೂರನೇ ದಿನ ದಾಟಲಿಲ್ಲ. ಮರಿಗಳ ಮೊದಲ ಆಹಾರ ರೋಟಿಫರ್ ಅನ್ನುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ; ಅದು ತಿನ್ನುವುದು ಹಸಿರು ನೀರನ್ನು, ಅಂದರೆ ಪಾಚಿ ಬೆಳೆಸಿದ ನೀರನ್ನು. ಆ ನೀರು ಕೆಟ್ಟು ರೋಟಿಫರ್ ಪೂರ್ತಿ ಹೋಯಿತು. ಖರ್ಚು ಉಳಿಸಲು ಬೇಕರಿ ಯೀಸ್ಟ್ ಹಾಕಿ ರೋಟಿಫರ್ ಬೆಳೆಸಿ ನೋಡಿದೆ. ರೋಟಿಫರ್ ಏನೋ ತುಂಬಿಕೊಂಡಿತು, ಆದರೆ ಅದರಲ್ಲಿ ಮರಿಗೆ ಬೇಕಾದ ಕೊಬ್ಬಿನಂಶ ಇಲ್ಲ. ಬಿಳಿ ಪಟ್ಟಿ ಮೂಡುವ ಹೊತ್ತಿಗೆ ಒಂದೊಂದೇ ಬಿದ್ದವು. ಮತ್ತೆ ಹಸಿರು ನೀರಿಗೇ ಬಂದೆ. ವಾರದ ಮೇಲೆ ನಿಧಾನಕ್ಕೆ ಆರ್ಟೀಮಿಯ, ಅಂದರೆ ಉಪ್ಪುನೀರಿನ ಸಣ್ಣ ಸೀಗಡಿಯ ಮರಿ. ಮೊದಲ ದಿನಗಳಲ್ಲಿ ಟಬ್ಬಿಗೆ ಬೆಳಕು ಎಷ್ಟು, ಯಾವ ಕಡೆಯಿಂದ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಮಳೆಗಾಲದಲ್ಲಿ ನಮ್ಮೂರ ಕಡಲ ನೀರನ್ನು ನಂಬಬೇಡಿ. ನೇತ್ರಾವತಿ, ಗುರುಪುರ ನದಿಗಳು ಉಕ್ಕಿ ಬಂದಾಗ ದಡದ ನೀರು ಸಪ್ಪೆ, ಕೆಸರು. ಮೇ ಮುಗಿಯುವ ಮೊದಲೇ ಡ್ರಮ್ಮುಗಳಲ್ಲಿ ತುಂಬಿಸಿ ಕತ್ತಲಲ್ಲಿಡುತ್ತೇನೆ. ಇನ್ವರ್ಟರ್ ಬ್ಯಾಟರಿ, ಪಂಪು, ಪಾಚಿ-ರೋಟಿಫರ್ ಕಲ್ಚರು ಎಲ್ಲ ಸೇರಿ 35 ಸಾವಿರ ಆಗಿರಬೇಕು. ಈ ಸಲದ ಬ್ಯಾಚಲ್ಲಿ ನೂರರ ಹತ್ತಿರ ಉಳಿದವು. ಸುಮಾರು 250 ರೂಪಾಯಿಗೆ ಒಂದರಂತೆ ಕೊಟ್ಟೆ. ಅರ್ಧಕ್ಕಿಂತ ಹೆಚ್ಚು ಹಣ ವಾಪಸ್. ಮನೆಯವರ ಬಾಯಿ ಮುಚ್ಚಲು ಅಷ್ಟು ಸಾಕು.

ಹಾಗಂತ ಹೊಳೆಯಿಂದ ಹಿಡಿದದ್ದೆಲ್ಲ ಪಾಪ ಅಂತ ನಾನು ಹೇಳುವುದಿಲ್ಲ. ಕಾರ್ಡಿನಲ್ ಟೆಟ್ರಾ ಅನ್ನುವ ಪುಟ್ಟ ಸಿಹಿನೀರ ಮೀನು ಬ್ರೆಜಿಲ್‌ನ ರಿಯೋ ನೀಗ್ರೋ ನದಿಯದ್ದು. ನೆರೆ ಇಳಿದಾಗ ಅಲ್ಲಿ ಹೇಗೂ ರಾಶಿ ರಾಶಿ ಸಾಯುತ್ತವೆ. ಬಾರ್ಸೆಲೋಸ್ ಊರಿನ ಜನ ಅದನ್ನು ಹಿಡಿದು ಬದುಕುತ್ತಾರೆ, ಮೀನಿಗಾಗಿ ಕಾಡೂ ಉಳಿಯುತ್ತದೆ. ಅದನ್ನು ನಾನು ಕೊಳ್ಳುತ್ತೇನೆ. ನಮ್ಮ ಪಶ್ಚಿಮ ಘಟ್ಟದ ಮಿಸ್ ಕೇರಳ ಅನ್ನುವ ಮೀನು ಹಾಗಲ್ಲ. ಅದು ಇರುವುದೇ ಕೆಲವೇ ಹೊಳೆಗಳಲ್ಲಿ, ಅಳಿವಿನಂಚಿನ ಪಟ್ಟಿಯಲ್ಲೂ ಇದೆ. ಒಬ್ಬ ವ್ಯಾಪಾರಿ "ಫಾರ್ಮಿನದ್ದೇ ಸಾರ್" ಅಂದ. ಚೀಲದಲ್ಲಿ ಒಂದೊಂದು ಒಂದೊಂದು ಸೈಜು, ಮೂತಿ ತರಚಿತ್ತು. ಫಾರ್ಮಿನದ್ದಾದರೆ ಹೆಚ್ಚುಕಮ್ಮಿ ಒಂದೇ ಅಳತೆ ಇರುತ್ತದೆ ಅಲ್ವಾ? ಬೇಡ ಅಂದು ಬಂದೆ.

ಕ್ಲೌನ್ ಮರಿ ಒಯ್ಯುವವರು ಅನಿಮೋನ್, ಅಂದರೆ ಕಡಲಲ್ಲಿ ಕ್ಲೌನ್ ಆಸರೆ ಪಡೆಯುವ ಹೂವಿನಂಥ ಜೀವಿ, ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾರೆ. ಟ್ಯಾಂಕಿನಲ್ಲಿ ಹುಟ್ಟಿದ ಕ್ಲೌನಿಗೆ ಅದು ಬೇಕಾಗಿಲ್ಲ. ಮಾರಾಟಕ್ಕೆ ಬರುವ ಅನಿಮೋನ್ ಹೆಚ್ಚಾಗಿ ಕಡಲ ಬಂಡೆಯಿಂದ ಕಿತ್ತದ್ದೇ. ಅನಿಮೋನ್ ಬೇಕೇ ಬೇಕು ಅಂತ ಹಟ ಮಾಡುವವರಿಗೆ ನಾನು ಮರಿ ಕೊಡುವುದಿಲ್ಲ.