ಪಾಳಿ ಮೀರಿದ ದುಡಿಮೆಗೆ ಓವರ್‌ಟೈಮ್ ಲೆಕ್ಕ ಹಾಕುವುದು ಹೇಗೆ?

ರಾತ್ರಿ ಹತ್ತಕ್ಕೆ ಡ್ಯೂಟಿ ಮುಗಿಯಬೇಕಾದ ಸಿಸ್ಟರ್ ಒಬ್ಬರು, ಮುಂದಿನ ಪಾಳಿಯವರು ಬಂದು ಪ್ರತಿ ಹಾಸಿಗೆಯ ಬಳಿ ನಿಂತು ಡ್ರಿಪ್ ಎಷ್ಟು ಉಳಿದಿದೆ, ಕೊನೆಯ ಇಂಜೆಕ್ಷನ್ ಎಷ್ಟು ಹೊತ್ತಿಗೆ ಕೊಟ್ಟದ್ದು ಎಂದು ಕೇಳಿಕೊಂಡು, ಬೀಗ ಹಾಕಿದ ಕಪಾಟಿನ ಮಾರ್ಫಿನ್ ಆಂಪ್ಯೂಲ್‌ಗಳನ್ನು ಎಣಿಸಿ ಸಹಿ ಹಾಕುವವರೆಗೂ ವಾರ್ಡ್ ಬಿಡುವಂತಿಲ್ಲ. ಅಷ್ಟರಲ್ಲಿ ಗಂಟೆ ಹತ್ತು ನಲವತ್ತಾಗಿರುತ್ತದೆ. ಹಾಜರಿ ಪುಸ್ತಕದಲ್ಲಿ ಮಾತ್ರ ಹತ್ತು ಎಂದೇ ಇರುತ್ತದೆ. ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ದುಡಿಯುವವರು ತಮ್ಮ ಓವರ್‌ಟೈಮ್ ಲೆಕ್ಕವನ್ನು ಈ ನಲವತ್ತು ನಿಮಿಷದಿಂದಲೇ ಆರಂಭಿಸಬೇಕು.

2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯ 14ನೇ ಕಲಮಿನ ಪ್ರಕಾರ, ದಿನದ ಸಾಮಾನ್ಯ ಅವಧಿಯನ್ನು ಮೀರಿ ದುಡಿದ ಪ್ರತಿ ಗಂಟೆಗೆ, ಗಂಟೆಯ ಭಾಗಕ್ಕೂ ಸಹ, ಸಾಮಾನ್ಯ ದರದ ಎರಡು ಪಟ್ಟಿಗೆ ಕಡಿಮೆಯಿಲ್ಲದ ಹಣ ಕೊಡಬೇಕು. ಗಂಟೆ ತುಂಬಲಿಲ್ಲ ಎಂಬ ನೆಪಕ್ಕೆ ಇಲ್ಲಿ ಎಡೆಯಿಲ್ಲ.

ಈಗ ದರ. ಸಂಬಳದ ಚೀಟಿಯಲ್ಲಿ ಮೂಲ ವೇತನ 14,000 ಮತ್ತು ತುಟ್ಟಿಭತ್ಯೆ 6,800 ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಒಟ್ಟು 20,800. ವಾರದ ರಜೆಗಳನ್ನು ಕಳೆದು ತಿಂಗಳಿಗೆ 26 ದಿನ ಎಂದು ಹಿಡಿಯುವುದು ಕನಿಷ್ಠ ವೇತನದ ಲೆಕ್ಕದಲ್ಲಿ ಬಹುಕಾಲದ ರೂಢಿ. ಹಾಗೆ ಭಾಗಿಸಿದರೆ ದಿನಕ್ಕೆ 800, ಎಂಟು ಗಂಟೆಗೆ ಹಂಚಿದರೆ ಗಂಟೆಗೆ 100, ಓವರ್‌ಟೈಮಿಗೆ 200. ತಿಂಗಳಲ್ಲಿ 14 ಗಂಟೆ ಹೆಚ್ಚು ದುಡಿದವರಿಗೆ 2,800 ರೂಪಾಯಿ ಬರಬೇಕು. ಇದೇ ಸಂಬಳವನ್ನು 30ರಿಂದ ಭಾಗಿಸಿ ಒಂದೇ ಪಟ್ಟು ಕೊಟ್ಟರೆ ಕೈಗೆ ಬರುವುದು ಸುಮಾರು 1,213. ಅರ್ಧಕ್ಕಿಂತ ಹೆಚ್ಚು ದುಡ್ಡು ಸದ್ದಿಲ್ಲದೆ ಹೋಗಿಬಿಡುತ್ತದೆ. ಆದ್ದರಿಂದ ಚೀಟಿಯಲ್ಲಿ ಬಂದ ಮೊತ್ತವನ್ನು ಮಾತ್ರ ನೋಡಿ ಸುಮ್ಮನಾಗದೆ, ಅದನ್ನು ಎಷ್ಟರಿಂದ ಭಾಗಿಸಿದ್ದಾರೆ ಎಂದು ಎಚ್‌ಆರ್‌ನವರನ್ನು ಕೇಳಲೇಬೇಕು.

ಮೂಲ ವೇತನವನ್ನು ಬೇಕೆಂದೇ ಕಡಿಮೆ ತೋರಿಸಿ ಉಳಿದದ್ದನ್ನೆಲ್ಲ ಭತ್ಯೆಯೆಂದು ಬರೆಯುವುದುಂಟು. ಮನೆ ಬಾಡಿಗೆ, ಪ್ರಯಾಣ ಮುಂತಾದ, ವೇತನಕ್ಕೆ ಸೇರದ ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ಸಂಹಿತೆ ವೇತನಕ್ಕೇ ಸೇರಿಸುತ್ತದೆ. ಒಟ್ಟು 30,000ದಲ್ಲಿ ಇಂಥ ಭತ್ಯೆಗಳೇ 20,000 ಇದ್ದರೆ, ಲೆಕ್ಕಕ್ಕೆ ಹಿಡಿಯಬೇಕಾದ ವೇತನ 10,000 ಅಲ್ಲ, 15,000.

ಡಬಲ್ ಡ್ಯೂಟಿ ಮಾಡಿದವರು ಹೆಚ್ಚು ಮೋಸಹೋಗುವುದು ವಾರದ ಲೆಕ್ಕದಲ್ಲಿ. ನಾಲ್ಕು ದಿನ ಎಂಟೆಂಟು ಗಂಟೆ, ಒಂದು ದಿನ ಹದಿನಾರು ಗಂಟೆ ದುಡಿದು ಮತ್ತೊಂದು ದಿನ ರಜೆ ಹಾಕಿದರೆ ವಾರಕ್ಕೆ 48 ಗಂಟೆಯೇ ಆಯಿತು, ಓವರ್‌ಟೈಮ್ ಎಲ್ಲಿಂದ ಬಂತು ಎನ್ನುತ್ತಾರೆ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯ 27ನೇ ಕಲಮು ಇದಕ್ಕೆ ಉತ್ತರ: ದಿನ ಮತ್ತು ವಾರದ ಲೆಕ್ಕಗಳಲ್ಲಿ ದುಡಿದವರಿಗೆ ಯಾವುದು ಅನುಕೂಲವೋ ಅದನ್ನೇ ಹಿಡಿಯಬೇಕು. ಇಲ್ಲಿ ದಿನದ ಲೆಕ್ಕದಲ್ಲಿ ಎಂಟು ಗಂಟೆ ಸಿಗುತ್ತದೆ. ನೈಟ್ ಡ್ಯೂಟಿಯಲ್ಲಿ ಮಧ್ಯರಾತ್ರಿಯ ನಂತರದ ಗಂಟೆಗಳು ಹಿಂದಿನ ದಿನಕ್ಕೇ ಸೇರುವುದರಿಂದ, ಹನ್ನೆರಡಕ್ಕೆ ತಾರೀಖು ಬದಲಾಯಿತೆಂದು ಪಾಳಿಯನ್ನು ಎರಡು ದಿನಕ್ಕೆ ಒಡೆಯುವುದು ತಪ್ಪು. ವಾರದ ರಜೆಯಂದು ಕರೆಸಿಕೊಂಡದ್ದಕ್ಕೆ ಕೊಡುವ ಕಾಂಪ್ ಆಫ್, ಅಂದರೆ ಬದಲಿ ರಜೆ, ಬೇರೆ; ಪಾಳಿ ಮೀರಿದ ಗಂಟೆಯ ದುಡ್ಡು ಬೇರೆ. ಒಂದನ್ನು ತೋರಿಸಿ ಇನ್ನೊಂದನ್ನು ಕಳೆಯಲು ಬಿಡಬಾರದು.

ಏಜೆನ್ಸಿ ಮೂಲಕ ಬಂದ ಆಯಾಗಳು, ಹೌಸ್‌ಕೀಪಿಂಗ್‌ನವರು, ವಾರ್ಡ್ ಬಾಯ್‌ಗಳ ಪಾಡು ಇನ್ನೂ ಕಷ್ಟದ್ದು, ಏಕೆಂದರೆ ಕೇಳಿದಾಗಲೆಲ್ಲ ಆಸ್ಪತ್ರೆ ಏಜೆನ್ಸಿಯತ್ತ, ಏಜೆನ್ಸಿ ಆಸ್ಪತ್ರೆಯತ್ತ ಬೆರಳು ತೋರಿಸುತ್ತದೆ. ಗುತ್ತಿಗೆದಾರ ವೇತನ ಕೊಡದಿದ್ದರೆ ಮುಖ್ಯ ಮಾಲೀಕನೇ, ಅಂದರೆ ಆಸ್ಪತ್ರೆಯೇ, ಕೊಡಬೇಕೆಂದು ಕಾನೂನು ಸ್ಪಷ್ಟವಾಗಿ ಹೇಳುತ್ತದೆ.

ಇಷ್ಟಕ್ಕೆಲ್ಲ ನಿಮ್ಮದೇ ದಾಖಲೆ ಬೇಕು. ಒಂದು ಸಣ್ಣ ಪುಸ್ತಕದಲ್ಲಿ ತಾರೀಖು, ರೋಸ್ಟರಿನ ಸಮಯ, ನಿಜವಾಗಿ ವಾರ್ಡ್ ಬಿಟ್ಟ ಸಮಯ, ತಡವಾದ ಕಾರಣ ಬರೆದಿಡಿ. ಅಂದೇ ಇನ್‌ಚಾರ್ಜ್ ಸಿಸ್ಟರ್‌ಗೆ ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು ಕಳಿಸಿ. ರೋಸ್ಟರಿನ ಫೋಟೋ ತೆಗೆದಿಟ್ಟುಕೊಳ್ಳಿ. ರೋಗಿಯ ಹೆಸರು, ಕೇಸ್ ಶೀಟ್ ಮಾತ್ರ ಆ ಫೋಟೋದಲ್ಲಿ ಬರಬಾರದು. ಮೊದಲು ಎಚ್‌ಆರ್‌ಗೆ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಬಗೆಹರಿಯದಿದ್ದರೆ ಬನ್ನೇರುಘಟ್ಟ ರಸ್ತೆಯಲ್ಲಿರುವ ಕಾರ್ಮಿಕ ಇಲಾಖೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿ ಕ್ಲೇಮ್ ಹಾಕಬಹುದು. ಅದಕ್ಕೆ ಮೂರು ವರ್ಷದ ಕಾಲಾವಕಾಶವಿದೆ. ಹಣ ಕೊಟ್ಟಿದ್ದೇವೆ ಎಂದು ರುಜುವಾತು ಮಾಡಬೇಕಾದ ಹೊಣೆ ಅಲ್ಲಿ ಆಸ್ಪತ್ರೆಯದು.